ಮಣ್ಣಿನೊಳಗಿನ ಬ್ಯಾಟರಿ

ನೆಲದಡಿ ಹೂತ ಹಳೆಯ ಕಬ್ಬಿಣದ ಪೈಪು ಒಂದು ಕಡೆ ತೂತಾಯಿತು ಅನ್ನಿ. ಅಷ್ಟು ಭಾಗ ಕತ್ತರಿಸಿ, ಹೊಚ್ಚಹೊಸ ತುಂಡು ಬೆಸೆದು, ಮತ್ತೆ ಮಣ್ಣು ಮುಚ್ಚಿದರು. ಮುಂದಿನ ತೂತು ಎಲ್ಲಿ ಬೀಳುತ್ತದೆ? ಯಾರನ್ನೇ ಕೇಳಿ, ಹಳೆಯ ಭಾಗದಲ್ಲಿ ಎನ್ನುತ್ತಾರೆ. ಆದರೆ ಎಷ್ಟೋ ಸಲ ಹೊಸ ತುಂಡೇ ಮೊದಲು ಹೋಗುತ್ತದೆ, ಅದೂ ಹಳೆಯದು ಬಾಳಿದ ಅರ್ಧ ಕಾಲವೂ ಬಾಳದೆ. ಇದು ಅರ್ಥವಾದರೆ, ಪೆಟ್ರೋಲ್ ಬಂಕಿನ ಟ್ಯಾಂಕಿನ ತಪಾಸಣೆಗೆ ಬಂದವರು ವೋಲ್ಟ್ ಮೀಟರ್ ಹಿಡಿದು ಮಣ್ಣನ್ನು ಏಕೆ ಮುಟ್ಟುತ್ತಾರೆ ಎಂಬುದೂ ಅರ್ಥವಾಗುತ್ತದೆ.

ತುಕ್ಕು ಎಂದರೆ ಮುಪ್ಪು ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ತುಕ್ಕಿಗೂ ವಯಸ್ಸಿಗೂ ನೇರ ಸಂಬಂಧವಿಲ್ಲ. ತುಕ್ಕು ಹಿಡಿಯುವುದೆಂದರೆ ವಿದ್ಯುತ್ ಹರಿಯುವುದು. ಕಬ್ಬಿಣದ ಒಂದು ಜಾಗದಲ್ಲಿ ಪರಮಾಣುಗಳು ತಮ್ಮ ಎಲೆಕ್ಟ್ರಾನ್‌ಗಳನ್ನು ಲೋಹದಲ್ಲೇ ಬಿಟ್ಟು, ಅಯಾನುಗಳಾಗಿ ಒದ್ದೆ ಮಣ್ಣಿಗೆ ಇಳಿಯುತ್ತವೆ. ಉಳಿದ ಎಲೆಕ್ಟ್ರಾನ್‌ಗಳು ಲೋಹದೊಳಗೇ ಹರಿದು ಇನ್ನೊಂದು ಜಾಗ ಸೇರುತ್ತವೆ. ಅಲ್ಲಿ ಆಮ್ಲಜನಕ ಅವನ್ನು ಎತ್ತಿಕೊಳ್ಳುತ್ತದೆ. ಕಳೆದುಕೊಳ್ಳುವ ಜಾಗ ಆನೋಡ್, ಪಡೆಯುವ ಜಾಗ ಕ್ಯಾಥೋಡ್. ಟಾರ್ಚಿನ ಸೆಲ್ಲಿನೊಳಗೆ ನಡೆಯುವುದೂ ಇದೇ ವ್ಯವಹಾರ. ಎತ್ತರ ತಗ್ಗಿನ ಎರಡು ಕೆರೆಗಳನ್ನು ಕಾಲುವೆ ತೋಡಿ ಸೇರಿಸಿದರೆ ಮೇಲಿನ ಕೆರೆಯ ನೀರು ಹೇಗೆ ಇಳಿಯುತ್ತದೋ ಹಾಗೆ. ಹಳೆಯ ಪೈಪಿನ ಮೈಯನ್ನು ತುಕ್ಕಿನ ಪದರ ಮುಚ್ಚಿರುತ್ತದೆ, ಹೊಳೆಯುವ ಹೊಸ ಲೋಹ ಹೆಚ್ಚು ಚುರುಕು. ಎರಡನ್ನೂ ಬೆಸೆದಾಗ ಹೊಸದು ಮೇಲಿನ ಕೆರೆಯಾಯಿತು, ಖಾಲಿಯಾಗುವ ಸರದಿ ಅದರದು.

ಈ ಲೆಕ್ಕ ಸಣ್ಣದಲ್ಲ. ಒಂದು ಆಂಪಿಯರ್ ವಿದ್ಯುತ್ ಒಂದು ವರ್ಷ ಹೀಗೆ ಹರಿದರೆ ಸುಮಾರು 9 ಕಿಲೋ ಕಬ್ಬಿಣ ಮಣ್ಣುಪಾಲಾಗುತ್ತದೆ. ಟ್ಯಾಂಕಿನ ಮೈತುಂಬ ಹರಡಿಕೊಂಡು ಸವೆದರೆ ಇನ್ನೂ ತಾಳಬಹುದು. ಆದರೆ ಹೊರಲೇಪನದಲ್ಲಿ ಉಗುರಗಲದ ಗೀರು ಬಿದ್ದಿದ್ದರೆ ಸವೆತವೆಲ್ಲ ಆ ಗೀರಿನಲ್ಲೇ ಒತ್ತರಿಸುತ್ತದೆ. ಇಡೀ ಟ್ಯಾಂಕು ಗಟ್ಟಿಮುಟ್ಟಾಗಿರುವಾಗಲೇ ಸೂಜಿಮೊನೆಯಷ್ಟು ತೂತು ಬಿದ್ದಿರುತ್ತದೆ. ಪೆಟ್ರೋಲಿನ ಒಂದು ಅಂಶವಾದ ಬೆಂಜೀನ್ ಕುಡಿಯುವ ನೀರಿನಲ್ಲಿ ಲೀಟರಿಗೆ 5 ಮೈಕ್ರೋಗ್ರಾಂ ಮೀರಬಾರದು ಎಂದು ಅಮೆರಿಕದ ಕಾನೂನು ಹೇಳುತ್ತದೆ. ಅಂತರ್ಜಲಕ್ಕೆ ಆ ಸೂಜಿ ತೂತು ಏನು ಮಾಡಬಲ್ಲದು ಎಂದು ಇಷ್ಟರಿಂದಲೇ ಊಹಿಸಬಹುದು.

ಇದಕ್ಕೆ ಮದ್ದು ಕಂಡದ್ದು ಸಮುದ್ರದಲ್ಲಿ. ಬ್ರಿಟಿಷ್ ನೌಕಾಪಡೆಯ ಹಡಗುಗಳ ತಳಕ್ಕೆ ಹೊದಿಸಿದ ತಾಮ್ರದ ತಗಡು ಉಪ್ಪುನೀರಿನಲ್ಲಿ ಸವೆಯುತ್ತಿತ್ತು. 1824ರಲ್ಲಿ ಹಂಫ್ರಿ ಡೇವಿ ಆ ತಗಡಿಗೆ ಸತು, ಕಬ್ಬಿಣದ ತುಂಡುಗಳನ್ನು ಜೋಡಿಸಿ ನೋಡಿದ. ತುಂಡುಗಳು ಕರಗಿದವು, ತಾಮ್ರ ಉಳಿಯಿತು. ಆದರೆ ತಾಮ್ರ ಕರಗುವುದು ನಿಂತದ್ದೇ ಹಡಗಿನ ತಳಕ್ಕೆ ಚಿಪ್ಪುಜೀವಿಗಳೂ ಪಾಚಿಯೂ ಅಂಟತೊಡಗಿದವು. ಅಷ್ಟು ದಿನ ಅವನ್ನು ದೂರವಿಟ್ಟದ್ದು ಕರಗುತ್ತಿದ್ದ ತಾಮ್ರದ ವಿಷವೇ! ಹಡಗುಗಳ ವೇಗ ಕುಗ್ಗಿತು, ನೌಕಾಪಡೆ ಈ ಉಪಾಯವನ್ನೇ ಕೈಬಿಟ್ಟಿತು. ವಿಜ್ಞಾನ ಸರಿಯಾಗಿಯೇ ಇದ್ದೂ ಸೋತ ಈ ಪ್ರಯೋಗ ನನಗೆ ಬಲು ಪ್ರಿಯ.

ಮಣ್ಣಿನಲ್ಲಿ ಚಿಪ್ಪುಜೀವಿಗಳ ಕಾಟವಿಲ್ಲ. ಉಕ್ಕಿನ ಟ್ಯಾಂಕಿಗೆ ಮೆಗ್ನೀಸಿಯಂ ಅಥವಾ ಸತುವಿನ ಗಟ್ಟಿಯನ್ನು ತಂತಿಯಿಂದ ಜೋಡಿಸಿ ಹೂತರೆ, ಟ್ಯಾಂಕಿನ ಬದಲು ಅದು ಸವೆಯುತ್ತದೆ. ಇನ್ನೊಂದು ದಾರಿ ಹೊರಗಿನಿಂದಲೇ ನೇರ ವಿದ್ಯುತ್ ಹರಿಸುವುದು. ಅಮೆರಿಕ 1988ರಲ್ಲಿ ನಿಯಮ ಮಾಡಿ, ಹಳೆಯ ಟ್ಯಾಂಕುಗಳಿಗೆ ಇಂಥ ರಕ್ಷಣೆ ಒದಗಿಸಲು ಅಥವಾ ಅವನ್ನು ಮುಚ್ಚಲು 1998ರ ಡಿಸೆಂಬರ್ 22ರವರೆಗೆ ಗಡುವು ಕೊಟ್ಟಿತು. ರಕ್ಷಣೆ ಕೆಲಸ ಮಾಡುತ್ತಿದೆಯೇ ಎಂಬ ಪರೀಕ್ಷೆ ಅಲ್ಲಿ ಮೂರು ವರ್ಷಕ್ಕೊಮ್ಮೆ ಆಗಲೇಬೇಕು; ಹೊರಗಿನಿಂದ ವಿದ್ಯುತ್ ಹರಿಸುವ ಯಂತ್ರವನ್ನು 60 ದಿನಕ್ಕೊಮ್ಮೆ ನೋಡಬೇಕು.

ಆ ಪರೀಕ್ಷೆಯ ಸಲಕರಣೆ ಅಂಗೈಯಲ್ಲಿ ಹಿಡಿಯುವಷ್ಟಿದೆ. ಒಂದು ಕೊಳವೆ, ಅದರೊಳಗೆ ಮೈಲುತುತ್ತದ ನೀಲಿ ದ್ರಾವಣ, ದ್ರಾವಣದಲ್ಲಿ ಮುಳುಗಿದ ತಾಮ್ರದ ಕಡ್ಡಿ, ತುದಿಯಲ್ಲಿ ತೇವ ಜಿನುಗುವ ಬಿರಡೆ. ಟ್ಯಾಂಕಿನ ಮೇಲಿನ ಮಣ್ಣನ್ನು ಒದ್ದೆ ಮಾಡಿ ಬಿರಡೆಯನ್ನು ಅದಕ್ಕೆ ಒತ್ತುತ್ತಾರೆ. ಮೀಟರಿನ ಒಂದು ತಂತಿ ಈ ಕಡ್ಡಿಗೆ, ಇನ್ನೊಂದು ಟ್ಯಾಂಕಿಗೆ. ಮೀಟರು −0.85 ವೋಲ್ಟ್ ಅಥವಾ ಅದಕ್ಕಿಂತ ಹೆಚ್ಚು ಋಣ ತೋರಿಸಿದರೆ ಟ್ಯಾಂಕು ಸುರಕ್ಷಿತ. −0.60 ಬಂದರೆ ಗಟ್ಟಿ ಸವೆದು ಮುಗಿದಿರಬಹುದು ಅಥವಾ ತಂತಿ ಕಡಿದಿರಬಹುದು. ಕಾಂಕ್ರೀಟಿನ ಮೇಲೆಯೇ ಬಿರಡೆ ಇಟ್ಟು ಅಳೆದ ಅಂಕಿಯನ್ನು ನಂಬುವಂತಿಲ್ಲ, ಮಣ್ಣೇ ಸಿಗಬೇಕು. ಹೂತ ವಸ್ತುವೊಂದರ ನಾಡಿಯನ್ನು ಅಗೆಯದೆ ಹಿಡಿಯುವ ಈ ಜಾಣ್ಮೆಗೆ ನಾನು ಮಾರುಹೋಗಿದ್ದೇನೆ.

ಸೋರಿಕೆ ಪತ್ತೆಯದು ಬೇರೆಯದೇ ಕತೆ. ಅದರಲ್ಲಿ ಒಂದು ತಪ್ಪು ಗ್ರಹಿಕೆಯನ್ನಾದರೂ ಇಲ್ಲಿ ತಿದ್ದಬೇಕು. ‘ಪರೀಕ್ಷೆಯಲ್ಲಿ ಪಾಸಾಯಿತು, ಹಾಗಾದರೆ ಒಂದು ಹನಿಯೂ ಸೋರುತ್ತಿಲ್ಲ’ ಎಂದು ಜನ ತಿಳಿಯುತ್ತಾರೆ. ಟ್ಯಾಂಕಿನೊಳಗೇ ಕುಳಿತು ಮಟ್ಟ ಅಳೆಯುವ ಉಪಕರಣ ಗಂಟೆಗೆ 0.2 ಗ್ಯಾಲನ್, ಅಂದರೆ ಸುಮಾರು 760 ಮಿಲಿಲೀಟರ್ ಸೋರಿಕೆಯನ್ನು ಹಿಡಿಯಬಲ್ಲದಾಗಿರಬೇಕು ಎಂಬುದು ಅಮೆರಿಕದ ನಿಯಮ. ಅದೇ ವೇಗದಲ್ಲಿ ತಿಂಗಳಿಡೀ ಸೋರಿದರೆ 500 ಲೀಟರ್ ದಾಟುತ್ತದೆ. ಇನ್ನೂ ಸೂಕ್ಷ್ಮವಾಗಿ ಅಳೆಯಹೋದರೆ ಬಿಸಿಲು ಚಳಿಯೇ ಅಡ್ಡ ಬರುತ್ತದೆ: 20,000 ಲೀಟರ್ ಪೆಟ್ರೋಲ್ ಒಂದು ಡಿಗ್ರಿ ಸೆಲ್ಸಿಯಸ್ ತಣ್ಣಗಾದರೆ ಸುಮಾರು 20 ಲೀಟರಿನಷ್ಟು ಕುಗ್ಗುತ್ತದೆ, ಒಂದು ಹನಿಯೂ ಸೋರದೆ.

ಮೇಲೆ ಹೇಳಿದ ರಕ್ಷಣೆಯೆಲ್ಲ ಟ್ಯಾಂಕಿನ ಹೊರಮೈಗೆ ಮಾತ್ರ. ಒಳಗೆ ಇನ್ನೊಂದು ಬ್ಯಾಟರಿ ಇದೆ. ಇಂಧನಕ್ಕಿಂತ ಭಾರವಾದ ನೀರು ತಳದಲ್ಲಿ ನಿಲ್ಲುತ್ತದೆ, ಅದರಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಆಮ್ಲ ಸುರಿಸುತ್ತವೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 42 ಡೀಸೆಲ್ ಟ್ಯಾಂಕುಗಳನ್ನು ಪರೀಕ್ಷಿಸಿ 2016ರಲ್ಲಿ ಕೊಟ್ಟ ವರದಿಯಲ್ಲಿ, ಶೇ. 83ರಷ್ಟು ಟ್ಯಾಂಕುಗಳ ಒಳಗಿನ ಲೋಹದ ಭಾಗಗಳಿಗೆ ಮಧ್ಯಮ ಅಥವಾ ತೀವ್ರ ಮಟ್ಟದ ತುಕ್ಕು ಹಿಡಿದಿತ್ತು. ಅಳತೆಕೋಲು ಇಳಿಸುವ ಬಾಯಿಯ ನೇರ ಕೆಳಗಂತೂ ಕೋಲಿನ ತುದಿ ದಿನವೂ ಒಂದೇ ಜಾಗಕ್ಕೆ ಕುಟ್ಟಿ ಕುಟ್ಟಿ ಲೋಹ ಸವೆದಿರುತ್ತದೆ. ಅದಕ್ಕೇ ಅಲ್ಲೊಂದು ದಪ್ಪ ತಟ್ಟೆ ಇರಿಸುತ್ತಾರೆ. ಕೋಲಿನ ತುದಿಗೆ ನೀರು ತಾಗಿದರೆ ಬಣ್ಣ ಬದಲಿಸುವ ಪೇಸ್ಟ್ ಸವರಿ ಇಳಿಸಿ, ಒಂದು ಕ್ಷಣ ತಡೆದು, ಮೇಲೆತ್ತಿ ನೋಡುತ್ತಾರೆ: ಬಣ್ಣ ಎಲ್ಲಿಯವರೆಗೆ ತಿರುಗಿದೆಯೋ ಅಲ್ಲಿಯವರೆಗೆ ನೀರು.