ನಮ್ಮೂರಿನ ಅಳಿವೆ ನೂರು ವರ್ಷದ ಹಿಂದೆ ಎಲ್ಲಿತ್ತು?

ಪ್ರಶ್ನೆ: ಹೊಳೆ ಕಡಲು ಸೇರುವ ಜಾಗ ಹಿಂದೆ ಬೇರೆಡೆ ಇತ್ತೆಂದು ಊರಿನ ಹಿರಿಯರು ಹೇಳುತ್ತಾರೆ. ದಾಖಲೆಗಳಲ್ಲಿ ಇದನ್ನು ಹುಡುಕುವುದು ಹೇಗೆ?

ಮೊದಲು ನಿಮ್ಮೂರು ಯಾವ ಕೆನರಾದಲ್ಲಿತ್ತು ನೋಡಿ. ೧೮೬೨ರಲ್ಲಿ ಉತ್ತರ ಕೆನರಾ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿತು. ದಕ್ಷಿಣ ಕೆನರಾ ೧೯೫೬ರವರೆಗೂ ಮದರಾಸಿನ ಕೈಯಲ್ಲೇ ಇತ್ತು. ಹಾಗಾಗಿ ಹೊನ್ನಾವರ, ಕುಮಟಾ ಕಡೆಯವರು ಹಳೆಯ ಕಡತಗಳಿಗೆ ಮುಂಬಯಿಯ ಪತ್ರಾಗಾರವನ್ನು, ಕುಂದಾಪುರ, ಮಲ್ಪೆ ಕಡೆಯವರು ಚೆನ್ನೈನ ಎಗ್ಮೋರಿನದನ್ನು ನೋಡಬೇಕು. ಬೆಂಗಳೂರಿನಲ್ಲಷ್ಟೇ ಹುಡುಕಿ ಏನೂ ಇಲ್ಲವೆಂದು ಕೈಬಿಡಬೇಡಿ.

ಇನ್ನು ನಕ್ಷೆ. ಸರ್ವೆ ಆಫ್ ಇಂಡಿಯಾದ ಹಳೆಯ ಹಾಳೆಗಳಲ್ಲಿ ಮೈಲಿಗೆ ಒಂದು ಅಂಗುಲದವು ಬೇಕು. ಅವುಗಳಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ ೬೩ ಮೀಟರ್. ಅಂತರ್ಜಾಲದಲ್ಲಿ ಸುಲಭವಾಗಿ ಸಿಗುವ ೧:೨,೫೦,೦೦೦ ಪ್ರಮಾಣದ ಹಾಳೆಗಳಲ್ಲಿ ಅದೇ ಒಂದು ಮಿಲಿಮೀಟರ್ ೨೫೦ ಮೀಟರ್ ಆಗುತ್ತದೆ. ಅಳಿವೆ ಅಳೆಯಲು ಅವು ಬೇಡ. ಅಂಚಿನಲ್ಲಿ ಮುದ್ರಣದ ವರ್ಷವಲ್ಲ, ಸರ್ವೆ ನಡೆದ ವರ್ಷ ಓದಿ. ಎರಡರ ನಡುವೆ ಹಲವು ವರ್ಷಗಳ ಅಂತರ ಇರಬಹುದು. ಅನುಮಾನವಿದ್ದರೆ ನಕ್ಷೆಯೊಳಗೇ ಸಾಕ್ಷಿ ಹುಡುಕಿ: ಕಾಪುವಿನ ದೀಪಸ್ತಂಭ ೧೯೦೧ರದ್ದು, ಅದು ಹಾಳೆಯಲ್ಲಿದ್ದರೆ ಸರ್ವೆ ಅದಕ್ಕಿಂತ ಹಿಂದಿನದಲ್ಲ.

ಹಳೆಯ ಹಾಳೆಯನ್ನು ಇಂದಿನ ಉಪಗ್ರಹ ಚಿತ್ರದ ಮೇಲೆ ಕೂರಿಸುವಾಗಲೇ ಹೆಚ್ಚು ತಪ್ಪಾಗುವುದು. ಹಳೆಯ ಹಾಳೆಗಳ ಅಕ್ಷಾಂಶ, ರೇಖಾಂಶ ಎವರೆಸ್ಟ್ ಎಂಬ ಹಳೆಯ ಭೂಮಾಪನ ಲೆಕ್ಕದವು, ಇಂದಿನವು ಜಿಪಿಎಸ್ ಬಳಸುವ ಡಬ್ಲ್ಯೂಜಿಎಸ್ ೮೪ ಲೆಕ್ಕದವು. ಹಾಗೇ ಹೊಂದಿಸಿದರೆ ನಮ್ಮ ಕರಾವಳಿಯಲ್ಲಿ ನೂರು ಮೀಟರಿಗೂ ಹೆಚ್ಚು ಜರುಗುತ್ತದೆ. ಕಡಲೇ ಊರು ನುಂಗಿತೆಂದು ಆಗ ತಪ್ಪು ತಿಳಿಯುತ್ತೇವೆ. ಅದಕ್ಕೇ ದೇವಸ್ಥಾನ, ಇಗರ್ಜಿ, ಬಂಡೆಯಂಥ ಕದಲದ ಗುರುತುಗಳನ್ನು ಹಿಡಿಯಿರಿ: ಕನಿಷ್ಠ ಆರು, ಹಾಳೆಯ ಎಲ್ಲ ಮೂಲೆಗಳಿಗೂ ಹರಡಿರಲಿ. ಹೊಳೆಯ ತಿರುವನ್ನಾಗಲಿ ಮರಳದಿಣ್ಣೆಯನ್ನಾಗಲಿ ಎಂದೂ ಗುರುತಾಗಿ ಬಳಸಬೇಡಿ. ಹೊಳೆಗೂ ಕಡಲಿಗೂ ನಡುವಿನ ಮರಳಪಟ್ಟಿಯಾದ ಕೋಡಿಬೆಂಗ್ರೆಯಂಥ ಕಡೆ ನಾವು ಅಳೆಯಬೇಕಿರುವುದೇ ಅದನ್ನು.

ಕಂದಾಯ ಇಲಾಖೆಯ ಜಾಲತಾಣದಲ್ಲಿ ಗ್ರಾಮ ನಕ್ಷೆ ಉಚಿತವಾಗಿ ಸಿಗುತ್ತದೆ. ದಿಶಾಂಕ್ ಆ್ಯಪ್ ಹಿಡಿದು ದಡದಲ್ಲಿ ನಿಂತರೆ ನೀವು ನಿಂತ ಸರ್ವೆ ನಂಬರ್ ತೋರಿಸುತ್ತದೆ. ನೀರಿನೊಳಗೆ ಸರ್ವೆ ನಂಬರ್ ಬಂದರೆ ಅದನ್ನು ಬರೆದುಕೊಂಡು, ಹಳೆಯ ಅಡಂಗಲ್ (ಜಮೀನಿನ ವಿವರದ ಗ್ರಾಮ ಲೆಕ್ಕಪುಸ್ತಕ) ಮತ್ತು ಟಿಪ್ಪಣಿಯ (ಸರ್ವೆಯ ಅಳತೆಯ ಚಿತ್ರ) ಪ್ರತಿಗೆ ತಾಲ್ಲೂಕು ಭೂದಾಖಲೆ ಕಚೇರಿಗೆ ಅರ್ಜಿ ಕೊಡಿ. ಮಾಹಿತಿ ಹಕ್ಕಿನಡಿ ಅರ್ಜಿಗೆ ೧೦ ರೂಪಾಯಿ, ಪ್ರತಿ ಪುಟಕ್ಕೆ ೨ ರೂಪಾಯಿ. ಗ್ರಾಮದ ಹೆಸರು, ಸರ್ವೆ ನಂಬರ್ ಇಲ್ಲದೆ 'ಹಳೆಯ ದಾಖಲೆ ಕೊಡಿ' ಎಂದರೆ ಏನೂ ಸಿಗುವುದಿಲ್ಲ.

ಒಂದೇ ನಕ್ಷೆ ನೋಡಿ ಅಳಿವೆ ಜರುಗಿತೆಂದು ಬರೆಯಬೇಡಿ. ಮಳೆಗಾಲದ ನೆರೆಯಲ್ಲಿ ಅದು ಅಗಲವಾಗುತ್ತದೆ, ಬೇಸಿಗೆಯಲ್ಲಿ ಮರಳು ಕಟ್ಟಿ ಕಿರಿದಾಗುತ್ತದೆ. ಒಂದೇ ಋತುವಿನ, ಬೇರೆ ಬೇರೆ ವರ್ಷಗಳ ಮೂರು ಚಿತ್ರಗಳಾದರೂ ಕೈಯಲ್ಲಿರಲಿ.