ಫಿಲ್ಟರಿನ ಜಾಳಿ ಎಲ್ಲಿಟ್ಟೀರಿ ಕಾಕಾ?

ಇಂಡಿ ತಾಲ್ಲೂಕಿನಿಂದ ಫೋನು. ಎರಡು ಎಕರೆ ಲಿಂಬೆ, ಒಂದೇ ಬೋರು, ಹನಿ ನೀರಾವರಿ. "ಡ್ರಿಪ್ ಹಾಕಿ ಎರಡು ವರ್ಷಾತು. ಅರ್ಧ ಗಿಡಕ್ಕ ನೀರೇ ಮುಟ್ಟವಲ್ದು. ನೀ ಕೊಟ್ಟ ಪೈಪ್ ಬರೋಬ್ಬರಿ ಇಲ್ಲ." ಮಾರಿದ್ದು ನಾನೇ, ಹೋಗದೆ ವಿಧಿಯಿಲ್ಲ. ಹೋದವನು ಪೈಪ್ ಕಡೆ ನೋಡಲೇ ಇಲ್ಲ. ಸೀದಾ ಬೋರಿನ ಹತ್ತಿರ ಹೋಗಿ ಫಿಲ್ಟರ್ ಬಿಚ್ಚಿದೆ. ಖಾಲಿ ಡಬ್ಬಿ.

"ಜಾಳಿ ಎಲ್ಲಿಟ್ಟೀರಿ ಕಾಕಾ?"

"ಅದಿದ್ರ ನೀರು ಜೋರ ಬರೂದಿಲ್ಲ ತಮ್ಮಾ. ತಗದ ಮ್ಯಾಲ ಹೆಂಗ ಬಂತು ಅಂತಿ!"

ಜಾಳಿ ದನದ ಕೊಟ್ಟಿಗೆಯ ಗೂಟಕ್ಕೆ ತೂಗಾಡುತ್ತಿತ್ತು. ಒಳಗೆ ಒಂದು ಕಡ್ಡಿಪೆಟ್ಟಿಗೆ, ನಾಲ್ಕು ಊದಿನಕಡ್ಡಿ.

ವಿಜಯಪುರದಲ್ಲಿ ಡ್ರಿಪ್ ಅಂಗಡಿ ಇಟ್ಟು 14 ವರ್ಷವಾಯಿತು. ತಿಕೋಟಾ ಕಡೆಯ ದೊಡ್ಡ ದ್ರಾಕ್ಷಿ ತೋಟದವರು ಈ ತಪ್ಪು ಮಾಡುವುದು ಕಡಿಮೆ. ಎರಡು, ಮೂರು ಎಕರೆಯವರೇ ಜಾಸ್ತಿ. ದಡ್ಡತನ ಅಂತ ನಾನು ಹೇಳುವುದಿಲ್ಲ. ಜಾಳಿ ತೆಗೆದ ದಿನ ನೀರು ನಿಜವಾಗಿಯೂ ಜೋರಾಗಿ ಬರುತ್ತದೆ! ಕಟ್ಟಿಕೊಂಡ ಜಾಳಿ ನೀರನ್ನು ತಡೆದಿರುತ್ತದೆ, ತೆಗೆದ ಕೂಡಲೇ ದಾರಿ ಸಲೀಸು. ಮಾಡಿದ ತಪ್ಪಿಗೆ ಅವತ್ತೇ ಬಹುಮಾನ ಸಿಕ್ಕರೆ ಯಾರು ಬಿಡುತ್ತಾರೆ ಹೇಳಿ. ಶಿಕ್ಷೆ ಬರುವುದು ಆರು ತಿಂಗಳ ನಂತರ, ಅದೂ ತೋಟದ ಆ ತುದಿಯಲ್ಲಿ.

ಇನ್ನೊಂದು ವಾದವನ್ನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. "ಡ್ರಿಪ್ಪರಿನ ತೂತು ದೊಡ್ಡದೈತಿ, ಮಣ್ಣಿನ ಕಣ ಸಣ್ಣದು. ಪಾರಾಗಿ ಹೋಗತೈತಿ ಬಿಡ್ರೀ." ಲೆಕ್ಕ ಸರಿಯೇ. ಗಿಡದ ಬುಡಕ್ಕೆ ನೀರು ತೊಟ್ಟಿಕ್ಕಿಸುವ ಡ್ರಿಪ್ಪರಿನೊಳಗಿನ ದಾರಿ ಸುಮಾರು 1 ಮಿಲಿಮೀಟರ್. 120 ಮೆಶ್ (ಅಂದರೆ ಒಂದು ಇಂಚಿಗೆ 120 ಕಣ್ಣು) ಜಾಳಿಯ ಒಂದು ಕಣ್ಣು ಸುಮಾರು 0.13 ಮಿಲಿಮೀಟರ್. ಏಳೆಂಟು ಪಟ್ಟು ಸಣ್ಣ ಜಾಳಿ ಯಾಕೆ ಬೇಕು?

ಬೀಜ ಬಿತ್ತುವ ಕೂರಿಗೆ ಹೊಡೆದವರಿಗೆ ಇದನ್ನು ಒಂದೇ ಮಾತಿನಲ್ಲಿ ಹೇಳಬಹುದು. ಕೂರಿಗೆ ಬಟ್ಟಲಿನ ತೂತು ಜೋಳದ ಕಾಳಿಗಿಂತ ಎಷ್ಟೋ ದೊಡ್ಡದು. ಆದರೂ ಬೆರಳಿನ ಸಂದಿಯಿಂದ ಸಣ್ಣಗೆ ಬಿಡುತ್ತೀರಿ ಅಲ್ವಾ? ಒಮ್ಮೆಲೇ ಹಿಡಿ ತುಂಬ ಸುರುವಿದರೆ ನಾಲ್ಕು ಕಾಳು ಒಂದಕ್ಕೊಂದು ಆನಿಕೊಂಡು ತೂತಿನ ಬಾಯಲ್ಲೇ ಕೂತುಬಿಡುತ್ತವೆ. ಕೆಳಗೆ ಸಾಲು ಖಾಲಿ. ಮಣ್ಣಿನ ಕಣಗಳೂ ಹಾಗೆಯೇ. ಡ್ರಿಪ್ಪರಿನೊಳಗಿನ ದಾರಿ ಅಂಕುಡೊಂಕು, ನೀರಿನ ರಭಸ ಮುರಿಯಲೆಂದೇ ಹಾಗೆ ಮಾಡಿರುತ್ತಾರೆ. ಒಂದು ಕಣ ಮೂಲೆಯಲ್ಲಿ ನಿಂತರೆ ಹಿಂದಿನದು ಅದಕ್ಕೆ ಆನುತ್ತದೆ, ಅದರ ಹಿಂದಿನದು ಇದಕ್ಕೆ. ಅದಕ್ಕೇ ದಾರಿಯ ಏಳೆಂಟನೇ ಒಂದು ಪಾಲಿನಷ್ಟು ದಪ್ಪದ ಕಣವನ್ನೂ ಮೊದಲೇ ಹಿಡಿಯಬೇಕು. ಎರಿ (ಕಪ್ಪು) ಮಣ್ಣಿನ ನೀರಿಗಂತೂ ಈ ಮಾತು ಇನ್ನೂ ಬಿಗಿ.

ಜಾಳಿ ಯಾವಾಗ ತೊಳೆಯಬೇಕು? ಫಿಲ್ಟರಿನ ಮುಂದೊಂದು ಹಿಂದೊಂದು ಪ್ರೆಶರ್ ಗೇಜ್ ಇರಬೇಕು. ಎರಡರ ನಡುವಿನ ಅಂತರ ಅರ್ಧ ಕೆ.ಜಿ. ಹತ್ತಿರ ಬಂತೆಂದರೆ ತೊಳೆಯಿರಿ. ಗೇಜ್ ಕೆಟ್ಟಿದ್ದರೆ (ಹತ್ತರಲ್ಲಿ ಆರು ಕಡೆ ಮುಳ್ಳು ಮೋಟಾರ್ ಬಂದ್ ಇದ್ದಾಗಲೂ ಒಂದೂವರೆಯಲ್ಲೇ ನಿಂತಿರುತ್ತದೆ) ಬಾಟಲಿ ಪರೀಕ್ಷೆ ಮಾಡಿ. ಗಂಟೆಗೆ 4 ಲೀಟರ್ ಡ್ರಿಪ್ಪರ್ 6 ನಿಮಿಷಕ್ಕೆ 400 ಮಿ.ಲೀ. ಕೊಡಬೇಕು. ಮೊದಲ ಗಿಡದ ಬುಡದಲ್ಲೊಂದು, ಕೊನೆಯ ಗಿಡದ ಬುಡದಲ್ಲೊಂದು ಬಾಟಲಿ ಕತ್ತರಿಸಿ ಇಡಿ. ಕಾಕಾನ ತೋಟದಲ್ಲಿ ಮೊದಲನೆಯದು ಹೆಚ್ಚು ಕಮ್ಮಿ ತುಂಬಿತು. ಕೊನೆಯದರ ತಳದಲ್ಲಿ ಒಂದು ಗುಟುಕು ನೀರು, ಅದರಲ್ಲಿ ಒಂದು ಇರುವೆ.

ಆದರೆ ಫಿಲ್ಟರ್ ಎಲ್ಲವನ್ನೂ ಹಿಡಿಯುವುದಿಲ್ಲ. ನಮ್ಮ ಬೋರಿನ ನೀರು ಗಡಸು, ಹಂಡೆಯೊಳಗೆ ಕೂರುವ ಬಿಳಿ ಸುಣ್ಣವೇ ಡ್ರಿಪ್ಪರಿನ ಬಾಯಲ್ಲೂ ಕೂರುತ್ತದೆ. ಕರಗಿದ ಸುಣ್ಣ ಜಾಳಿಗೆ ಸಿಗುವುದಿಲ್ಲ, ಅದಕ್ಕೆ ಆಸಿಡ್ ಬಿಡಬೇಕು. ಪ್ರಮಾಣ ಇಲ್ಲಿ ಬರೆಯುವುದಿಲ್ಲ, ಕ್ಷಮಿಸಿ. ನೀರು ಪರೀಕ್ಷೆ ಮಾಡಿಸದೆ ಅಂದಾಜಿನ ಮೇಲೆ ಹೇಳುವ ವಿಷಯವಲ್ಲ ಇದು. ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರು ಯಾವತ್ತೂ ಹಾಕಬಾರದು. ಅಷ್ಟು ನೆನಪಿಟ್ಟು, ತಿಳಿದವರನ್ನು ಕರೆಸಿ.

ಕರೆಸುವ ಮಾತು ಬಂದಾಗಲೇ ನನ್ನ ಸಿಟ್ಟು ಏರುವುದು. 2 ಹೆಕ್ಟೇರ್‌ವರೆಗೆ ಶೇ 90 ಸಬ್ಸಿಡಿ ಕೊಟ್ಟು ಸರ್ಕಾರ ಡ್ರಿಪ್ಪನ್ನು ಬಡವರ ಹೊಲಕ್ಕೂ ತಂದಿತು, ಒಳ್ಳೆಯದೇ. (ನಿಯಮ ಬದಲಾಗುತ್ತಿರುತ್ತದೆ, ಇಲಾಖೆಯಲ್ಲಿ ಕೇಳಿಕೊಳ್ಳಿ.) ಆದರೆ ಫೈಲ್ ಪಾಸಾದ ಮೇಲೆ ಅಂಗಡಿಯವನಿಗೆ ಆ ಹೊಲದ ದಾರಿ ಮರೆತು ಹೋಗುತ್ತದೆ. ನಾನೇನೂ ಬೇರೆಯಲ್ಲ. ಕಾಕಾನ ತೋಟದಲ್ಲಿ ಪೈಪ್ ಹಾಸಿದ ದಿನ ಫೈಲಿಗೆ ಫೋಟೋ ತೆಗೆಸುವ ಅವಸರದಲ್ಲಿ "ಫಿಲ್ಟರ್ ತೊಳಕೋತಿರ್ರೀ" ಅಂತ ಒಂದು ಮಾತು ಒಗೆದು ಗಾಡಿ ಹತ್ತಿದ್ದೆ. ಎರಡು ವರ್ಷ ಆ ಕಡೆ ಹಾಯಲಿಲ್ಲ.

ಈಗ ವರ್ಷಕ್ಕೆ ಮೂರು ಸಲ ಹೋಗಿ ನೋಡಿ ಬರಲು ಊರೂರಿಗೆ ಹುಡುಗರನ್ನು ತಯಾರು ಮಾಡಿದ್ದೇನೆ. ಬೈಕು, ಒಂದು ಒಳ್ಳೆಯ ಗೇಜು, ಪಾನಾ ಚೀಲ. ಒಂದು ಸಲಕ್ಕೆ 300 ರೂಪಾಯಿ. "ಸುಮ್ನ ನೋಡಿ ಹೋಗಾಕ ರೊಕ್ಕ ಯಾಕ್ರೀ?" ಅನ್ನುತ್ತಾರೆ. ಇದೇ ಮಂದಿ ಮೋಟಾರ್ ಸುಟ್ಟರೆ ಚೌಕಾಸಿ ಮಾಡದೆ ಸಾವಿರಗಟ್ಟಲೆ ಎಣಿಸಿ ರಿವೈಂಡಿಂಗ್ ಮಾಡಿಸುತ್ತಾರೆ. ಸುಟ್ಟಿದ್ದು ಕಣ್ಣಿಗೆ ಕಾಣುತ್ತದೆ, ಕಟ್ಟಿಕೊಳ್ಳುವುದು ಕಾಣುವುದಿಲ್ಲ. ಹುಡುಗರಿಗೆ ಈ 300ರಲ್ಲಿ ಪೆಟ್ರೋಲ್ ಕಳೆದು ಜಾಸ್ತಿ ಉಳಿಯುವುದಿಲ್ಲ. ಒಂದೇ ಊರಲ್ಲಿ ಮೂವತ್ತು ನಲವತ್ತು ತೋಟ ಸಿಕ್ಕರೆ ಮಾತ್ರ ಗಿಟ್ಟುತ್ತದೆ. ಎಲ್ಲಾ ಊರಲ್ಲೂ ಗಿಟ್ಟುತ್ತದೆ ಅಂತ ಧೈರ್ಯವಾಗಿ ಹೇಳಲಾರೆ.

2023ರಲ್ಲಿ ಇಂಡಿ ಲಿಂಬೆಗೆ ಜಿಐ ಟ್ಯಾಗ್ ಸಿಕ್ಕಾಗ ನಾವೆಲ್ಲ ಹಿಗ್ಗಿದ್ದೇ ಹಿಗ್ಗಿದ್ದು. ಗಿಡಕ್ಕೆ ಅದರ ಸುದ್ದಿಯೇ ಇಲ್ಲ, ಬುಡಕ್ಕೆ ನೀರು ಬಿದ್ದರೆ ಸಾಕು ಅದಕ್ಕೆ.

ಮೊನ್ನೆ ಕಾಕಾನ ತೋಟಕ್ಕೆ ಮತ್ತೆ ಹೋಗಿದ್ದೆ. ಫಿಲ್ಟರ್ ಪಕ್ಕ ಸುತಳಿಗೆ ಕಟ್ಟಿದ ಹಳೆಯ ಹಲ್ಲುಜ್ಜುವ ಬ್ರಶ್ ತೂಗುತ್ತಿತ್ತು. ಕಾಕು, ಅಂದರೆ ಕಾಕಾನ ಹೆಂಡತಿ, ಕಟ್ಟಿದ್ದಂತೆ. ಎರಡು ದಿನಕ್ಕೊಮ್ಮೆ ಆಕೆಯೇ ಜಾಳಿ ಉಜ್ಜುತ್ತಾಳೆ, ಕಾಕಾ ಇನ್ನೂ ಮುಟ್ಟುವುದಿಲ್ಲ. ಕೊನೆಯ ಗಿಡದ ಬಾಟಲಿಗೆ 350 ಮಿ.ಲೀ. ಬಂತು. 300 ರೂಪಾಯಿ ಮಾತ್ರ ಬಂದಿಲ್ಲ. ಅದರ ಬದಲು ಒಂದು ಚೀಲ ಲಿಂಬೆಹಣ್ಣು ಗಾಡಿಗೆ ಹೇರಿ ಕಳಿಸಿದರು, ಮನೆಯಲ್ಲಿ ಉಪ್ಪಿನಕಾಯಿ ಹಾಕಲು ಭರಣಿ ಸಾಲುತ್ತಿಲ್ಲ.