ಟೆಕ್ನಿಕಲ್ ಡೈವಿಂಗ್‌ಗೆ ಎಷ್ಟು ಡೈವ್ ಆಗಿರಬೇಕು?

ಪ್ರಶ್ನೆ: ನನ್ನ ಲಾಗ್‌ಬುಕ್‌ನಲ್ಲಿ 60 ಡೈವ್ ಇವೆ. ಅಡ್ವಾನ್ಸ್ಡ್, ನೈಟ್ರಾಕ್ಸ್ (ಆಮ್ಲಜನಕ ಹೆಚ್ಚಿಸಿದ ಗಾಳಿ) ಎರಡೂ ಕೋರ್ಸ್ ಮುಗಿದಿವೆ. ಟೆಕ್ನಿಕಲ್ ಡೈವಿಂಗ್‌ಗೆ, ಅಂದರೆ ನೇರವಾಗಿ ಮೇಲೆ ಬರಲಾಗದ, ನಡುವೆ ನಿಂತು ನಿಂತು ಬರಬೇಕಾದ ಸ್ಕೂಬಾ ಡೈವಿಂಗ್‌ಗೆ, ಈಗಲೇ ಸೇರಬಹುದಾ, ಇನ್ನೂ ಕಾಯಬೇಕಾ?

ಉತ್ತರ: ಬರೀ ಡೈವ್‌ಗಳ ಲೆಕ್ಕ ನೋಡಿದರೆ ಸೇರಬಹುದು. ಡೈವಿಂಗ್ ಕಲಿಸುವ ಪ್ಯಾಡಿ ಸಂಸ್ಥೆಯ ಟೆಕ್ 40 ಕೋರ್ಸ್‌ಗೆ ಕನಿಷ್ಠ 30 ಡೈವ್ ಕೇಳುತ್ತಾರೆ, ಟೆಕ್ 50ಕ್ಕೆ 100. ಆದರೆ ನಾನು ಮೊದಲು ಕೇಳುವುದು ಬೇರೆ. ನಿಮ್ಮ 60 ಡೈವ್‌ಗಳಲ್ಲಿ ಗೈಡ್ ಬೆನ್ನ ಹಿಂದೆ ಸುಮ್ನೆ ಹೋಗಿ ಬಂದದ್ದು ಎಷ್ಟು? ನೀವೇ ಪ್ಲಾನ್ ಮಾಡಿ, ನೀವೇ ಗಾಳಿಯ ಲೆಕ್ಕ ಹಾಕಿ ಇಳಿದದ್ದು ಎಷ್ಟು?

ಮನರಂಜನೆಯ ಡೈವಿಂಗ್‌ನ ಮಿತಿ 40 ಮೀಟರ್. ಏನಾದರೂ ಕೆಟ್ಟರೆ ನೇರವಾಗಿ ಮೇಲೆ ಬರಬಹುದು ಅನ್ನುವ ಧೈರ್ಯ ಅಲ್ಲಿ ಇರುತ್ತದೆ. ಡಿಕಂಪ್ರೆಶನ್ ಡೈವ್‌ನಲ್ಲಿ, ಅಂದರೆ ದೇಹದ ನೈಟ್ರೋಜನ್ ಹೊರಹೋಗಲು ಅಲ್ಲಲ್ಲಿ ನಿಂತು (ಇವೇ ಸ್ಟಾಪ್‌ಗಳು) ಮೇಲೆ ಬರಬೇಕಾದ ಡೈವ್‌ನಲ್ಲಿ, ಆ ದಾರಿ ಮುಚ್ಚಿರುತ್ತದೆ. ತಲೆಯ ಮೇಲೆ ಬರೀ ನೀರೇ ಇದ್ದರೂ ಅದನ್ನು ಕಾಂಕ್ರೀಟ್ ಸೂರು ಅಂದುಕೊಳ್ಳಬೇಕು. ಸ್ಟಾಪ್‌ಗಳನ್ನು ಬಿಟ್ಟು ಮೇಲೆ ಬಂದರೆ ದೇಹದಲ್ಲಿ ಕರಗಿದ ನೈಟ್ರೋಜನ್ ಗುಳ್ಳೆ ಕಟ್ಟಿ, ಕೀಲು ನೋವಿನಿಂದ ಹಿಡಿದು ಪಾರ್ಶ್ವವಾಯುವರೆಗೆ ಏನು ಬೇಕಾದರೂ ಆಗಬಹುದು. ಮಾಸ್ಕ್‌ಗೆ ನೀರು ತುಂಬಲಿ, ಬಾಯಿಗೆ ಗಾಳಿ ಕೊಡುವ ರೆಗ್ಯುಲೇಟರ್ ಕೈಕೊಡಲಿ, ಅಲ್ಲೇ ನಿಂತು ಸರಿಮಾಡಿಕೊಳ್ಳಬೇಕು.

ಅದಕ್ಕೇ ಒಂದು ಪರೀಕ್ಷೆ ಹೇಳುತ್ತೇನೆ. ಪಕ್ಕದಲ್ಲಿ ಒಳ್ಳೆಯ ಜೊತೆಗಾರ ಇರಲಿ. 6 ಮೀಟರ್‌ನಲ್ಲಿ, ಹಿಡಿದುಕೊಳ್ಳಲು ಏನೂ ಇಲ್ಲದ ಕಡೆ, ಹೊಟ್ಟೆ ಕೆಳಗಾಗಿ ಅಡ್ಡ ನಿಲ್ಲಿ. ಜೇಬಿನಿಂದ ಸ್ಪೂಲ್ (ದಾರದ ಸುರುಳಿ) ಮತ್ತು ಎಸ್‌ಎಂಬಿ (ನೀರಿನ ಮೇಲೆ ಗುರುತು ತೋರಿಸುವ ಗಾಳಿಚೀಲ) ತೆಗೆದು, ಗಾಳಿ ಊದಿ, ಮೇಲಕ್ಕೆ ಬಿಡಿ. ಆಮೇಲೆ ಮಾಸ್ಕ್ ತೆಗೆದು ಮತ್ತೆ ಹಾಕಿಕೊಳ್ಳಿ. ಇಷ್ಟೂ ಹೊತ್ತು ಜೊತೆಗಾರ ನಿಮ್ಮ ಆಳವನ್ನು ನೋಡುತ್ತಿರಲಿ. ಅರ್ಧ ಮೀಟರ್ ಆಚೀಚೆ ಆದರೆ ಪರವಾಗಿಲ್ಲ. ದಾರ ಬೆರಳಿಗೆ ಸುತ್ತಿಕೊಂಡು, ನಿಮಗೇ ಗೊತ್ತಿಲ್ಲದೆ 3 ಮೀಟರ್‌ಗೆ ಏರಿದ್ದರೆ ಇನ್ನೂ ಟೈಮ್ ಆಗಿಲ್ಲ. ಕೋರ್ಸ್‌ನಲ್ಲಿ ಇದೇ ಕೆಲಸವನ್ನು ಬೆನ್ನಿಗೆ ಜೋಡಿ ಸಿಲಿಂಡರ್, ಪಕ್ಕಕ್ಕೆ ಇನ್ನೊಂದು ಕಟ್ಟಿಕೊಂಡು ಮಾಡಬೇಕು.

6 ಮೀಟರ್ ಅಂದದ್ದಕ್ಕೂ ಕಾರಣವಿದೆ. ಶುದ್ಧ ಆಮ್ಲಜನಕವನ್ನು ಉಸಿರಾಡಬಹುದಾದ ಕೊನೆಯ ಆಳ ಅದು. ಅಲ್ಲಿ ಆಮ್ಲಜನಕದ ಒತ್ತಡ 1.6 ಬಾರ್, 8 ಮೀಟರ್‌ಗೆ ಜಾರಿದರೆ 1.8. ಈ ಒತ್ತಡ 1.6ರ ಮಿತಿ ಮೀರಿದರೆ ನೀರಿನೊಳಗೇ ಫಿಟ್ಸ್ ಬರಬಹುದು, ರೆಗ್ಯುಲೇಟರ್ ಬಾಯಿಂದ ಜಾರಿದರೆ ಮುಗಿಯಿತು. 40 ಮೀಟರ್‌ನಲ್ಲಿ ತಪ್ಪಿ ಶೇ 50ರ ನೈಟ್ರಾಕ್ಸ್ ಬಾಯಿಗಿಟ್ಟರೆ ಒತ್ತಡ 2.5! ಸಿಲಿಂಡರ್ ಮೇಲಿನ ಆಳದ ಲೇಬಲ್ಲನ್ನು ಪ್ರತಿ ಸಲವೂ ಓದುವ, ಜೊತೆಗಾರನಿಗೂ ತೋರಿಸುವ ತಾಳ್ಮೆ ನಿಮಗಿದೆಯಾ?

ಇನ್ನು ಗಾಳಿಯ ಲೆಕ್ಕ. ನಿಮಿಷಕ್ಕೆ ಎಷ್ಟು ಲೀಟರ್ ಉಸಿರಾಡುತ್ತೀರಿ ಅಂತ ಕೇಳಿದರೆ ತಕ್ಷಣ ಹೇಳಲು ಬರಬೇಕು. ನೀರಿನ ಮೇಲೆ 20 ಲೀಟರ್ ಅಂತಿಟ್ಟುಕೊಳ್ಳಿ, 40 ಮೀಟರ್‌ನಲ್ಲಿ ಒತ್ತಡ ಐದು ಪಟ್ಟು, ಹಾಗಾಗಿ ಅದೇ 100. 200 ಬಾರ್ ತುಂಬಿದ 12 ಲೀಟರ್ ಸಿಲಿಂಡರ್‌ನಲ್ಲಿರುವುದು 2,400 ಲೀಟರ್. ಅಂದರೆ ಬರಿದಾಗಲು 24 ನಿಮಿಷ. ಮೇಲೆ ಬರಲು, ಜೊತೆಗಾರನಿಗೆ ಕೊಡಲು ಅಂತ ತೆಗೆದಿಟ್ಟ ಮೇಲೆ ಉಳಿಯುವುದು ಬಹಳ ಕಡಿಮೆ ಅಲ್ವಾ? ಗಾಬರಿಯಾದಾಗ ಉಸಿರು ಜಾಸ್ತಿಯಾಗುತ್ತದೆ, ಅದನ್ನೂ ಸೇರಿಸಬೇಕು.

ಸಾಮಾನು ಕೊಳ್ಳುವ ಆಸೆಯಿಂದಲೇ ಈ ಕಡೆ ಬರುವವರೂ ಇದ್ದಾರೆ. ತಪ್ಪೇನಿಲ್ಲ, ಆದರೆ ಕೋರ್ಸ್‌ಗೆ ಮೊದಲು ಕೊಳ್ಳಬೇಡಿ. ಇನ್‌ಸ್ಟ್ರಕ್ಟರ್‌ನ ಸಲಹೆ ಬೇರೆಯೇ ಇರಬಹುದು.

ಪರೀಕ್ಷೆಯಲ್ಲಿ ಪಾಸಾದಿರಾ? ನೇರವಾಗಿ ಡಿಕಂಪ್ರೆಶನ್ ಕೋರ್ಸ್‌ಗೆ ಹಾರದೆ, ಮೊದಲು ಪರಿಚಯದ ಟೆಕ್ ಕೋರ್ಸ್ ಒಂದನ್ನು ಮಾಡಿ. ಅಲ್ಲಿ ಆಳಕ್ಕೆ ಒಯ್ಯುವುದಕ್ಕಿಂತ ಬ್ಯಾಲೆನ್ಸ್, ಫ್ರಾಗ್ ಕಿಕ್ (ಕಪ್ಪೆಯ ಹಾಗೆ ಕಾಲು ಬಡಿಯುವುದು), ಸಿಲಿಂಡರ್‌ನ ವಾಲ್ವ್ ಮುಚ್ಚಿ ತೆಗೆಯುವುದನ್ನೇ ಜಾಸ್ತಿ ತಿದ್ದುತ್ತಾರೆ. ದುಡ್ಡು ಕಟ್ಟುವ ಮುಂಚೆ ಇನ್‌ಸ್ಟ್ರಕ್ಟರ್‌ಗೆ ಒಂದು ಮಾತು ಕೇಳಿ: ಇಲ್ಲಿಯವರೆಗೆ ಎಷ್ಟು ಜನರನ್ನು ಫೇಲ್ ಮಾಡಿದ್ದೀರಿ? ಯಾರನ್ನೂ ಇಲ್ಲ ಅಂದರೆ ಬೇರೆಯವರನ್ನು ಹುಡುಕಿ.